ಸಿಹಿನೀರು ಇಳಿದ ಮರಳು

ನ್ಯಾನ್‌ಳ ಹಿತ್ತಲಿನ ನೀರಿಗೆ ಹೊರಹೋಗಲು ದಾರಿ ಇರಲಿಲ್ಲ. ಬಿರುಗಾಳಿಯ ಮಳೆ ನಿಂತ ಮೇಲೂ ಸಾಸಿವೆಸೊಪ್ಪಿನ ಮಡಿಗಳು ನೀರಲ್ಲೇ ಕೊಳೆಯುತ್ತಿದ್ದವು. ಅವಳು ಗುದ್ದಲಿ ಹಿಡಿದು, ಗಾಳಿಮರಗಳ ಬುಡದ ಮರಳುದಿಬ್ಬವನ್ನು ಸೀಳಿ, ಸಮುದ್ರದ ಕಡೆಗೆ ತೋಡು ತೆಗೆದಳು. ನೀರು ಸರಸರನೆ ಇಳಿಯಿತು.

ಎಲ್ಲಿಗೆ ಇಳಿಯುತ್ತದೆಂದು ಅವಳಿಗೆ ಗೊತ್ತಿತ್ತು. ದಿಬ್ಬದಾಚೆ, ಸಮುದ್ರದ ಇಳಿತದ ಹೊತ್ತಿಗೆ ತೆರೆದುಕೊಳ್ಳುವ ಬಯಲಿನಲ್ಲಿ, ಅವಳೂ ಸೇರಿ ಕ್ವಾನ್ ಲಾನ್ ದ್ವೀಪದ ಆ ಕೇರಿಯ ಹೆಂಗಸರೆಲ್ಲ ಸಾಸುಂಗ್ ಹುಳು ಅಗೆಯುತ್ತಿದ್ದರು. ಒಣಗಿಸಿ, ಹುರಿದು, ಸಾರಿಗೆ ಹಾಕುವ ಹುಳು. ಅದಕ್ಕೆ ಉಪ್ಪುನೀರು ಬೇಕು, ತುಸು ಕೆಸರು ಬೆರೆತ ನುಣ್ಣನೆ ಮರಳು ಬೇಕು. ಸಿಹಿನೀರು ಹರಿದಲ್ಲಿ ಅದು ಉಳಿಯುವುದಿಲ್ಲ. ತೋಡನ್ನು ಎರಡು ದಿನ ಬಿಟ್ಟು ಮುಚ್ಚಿದರಾಯಿತು ಅಂದುಕೊಂಡಳು. ಮತ್ತೆ ಮಳೆ ಬಂತು. ಸೊಪ್ಪು ಚಿಗುರತೊಡಗಿತ್ತು. ಮುಚ್ಚಲಿಲ್ಲ.

ಹುಳು ಇರುವ ಕಡೆ ಮರಳಿನ ಮೇಲೆ ಹೂವಿನಂಥ ಸಣ್ಣ ಗುರುತು ಕಾಣುತ್ತದೆ. ಆ ಗುರುತುಗಳು ಕಡಿಮೆಯಾಗುತ್ತ ಬಂದವು. ಕೆಲವು ಹುಳುಗಳು ಉಬ್ಬಿ ಬೆಳ್ಳಗಾಗಿ ಮೇಲೆಯೇ ಬಿದ್ದಿದ್ದವು.

"ಯಾರೋ ಗುಂಡಿ ಮುಚ್ಚದೆ ಹೋಗ್ತಿದಾರೆ," ಅಂದಳು ಅಗೆಯುವವರಲ್ಲಿ ಹಿರಿಯಳಾದ ಸೆನ್. ಅಗೆದ ಗುಂಡಿಯನ್ನು ತೆರೆದು ಬಿಟ್ಟರೆ ಹುಳು ಮುನಿಸಿಕೊಂಡು ಜಾಗ ಬಿಡುತ್ತದೆಂದು ಅಲ್ಲಿ ಎಲ್ಲರೂ ನಂಬಿದ್ದರು. ಎಲ್ಲರ ಕಣ್ಣೂ ಲುವಾಳ ಮೇಲೆ ಬಿತ್ತು. ಸೆನ್‌ಳ ಸೊಸೆ, ಆ ವರ್ಷವಷ್ಟೇ ಆಚೆ ದಡದಿಂದ ಬಂದವಳು.

"ಅತ್ತೆ, ನಾನು ಮುಚ್ಚೇ ಬರ್ತೀನಿ. ನೀವೇ ನೋಡಿದೀರಲ್ಲ."

"ನೋಡಿದೀನಿ ಕಣೇ. ಕೋಳಿ ಕೆದರಿದ ಹಾಗೆ ಕೆದರ್ತೀಯ. ಹುಳ ಹಾಗಿರ್ಲಿ, ನನ್ನ ಮಗನೇ ಆ ಗುಂಡಿಗೆ ಬಿದ್ದ!"

ಹೆಂಗಸರು ನಕ್ಕರು. ಲುವಾ ನ್ಯಾನ್‌ಳ ಕಡೆ ತಿರುಗಿದಳು. "ಚಿಕ್ಕಮ್ಮ, ನೀವಾದ್ರೂ ಹೇಳಿ. ದಿನಾ ನಿಮ್ಮ ಪಕ್ಕದಲ್ಲೇ ಅಗೀತೀನಿ."

ಹುಡುಗಿ ಒಂದು ಗುಂಡಿಯನ್ನೂ ಬಿಟ್ಟವಳಲ್ಲ. ತೋಡಿನ ಮಾತು ನ್ಯಾನ್‌ಳ ಬಾಯಿಗೆ ಬಂದಿತ್ತು.

"ನನ್ನ ಗುಂಡಿ ನೋಡ್ಕೊಳ್ಳೋದೇ ನಂಗೆ ಸಾಕಾಗಿದೆ. ನಿಂದು ನಾನ್ಯಾಕೆ ನೋಡ್ಲಿ?" ಅಂದಳು.

"ಕೇಳಿದ್ಯಾ?" ಸೆನ್ ಸೊಸೆಯ ಕೈಯಿಂದ ಗುದ್ದಲಿ ಕಿತ್ತುಕೊಂಡಳು. "ನಾಳೆಯಿಂದ ಬಯಲಿಗೆ ಕಾಲಿಡ್ಬೇಡ."

ಅವತ್ತು ಸಂಜೆ ನ್ಯಾನ್ ತೋಡಿಗೆ ಮರಳು ತುಂಬಿ, ಮೇಲೆ ತರಗೆಲೆ ಹರಡಿದಳು. ಯಾರಾದರೂ ನೋಡಿಬಿಡಲಿ ಅಂತಲೂ ಅನಿಸುತ್ತಿತ್ತು, ಯಾರೂ ಬರದಿರಲಿ ಅಂತಲೂ. ಅವಳು ಕೈ ತೊಳೆಯುವಾಗ ಸೆನ್ ಬೇಲಿಯ ಹತ್ತಿರ ಬಂದು ನಿಂತಿದ್ದಳು.

"ಸೊಪ್ಪು ಚೆನ್ನಾಗಿ ಬಂದಿದೆಯಲ್ಲೇ. ಒಂದು ಕಟ್ಟು ಕೊಡು. ಆ ಹುಡುಗಿ ಅಳ್ತಾ ಕೂತಿದಾಳೆ, ಅನ್ನ ಮುಟ್ಟಿಲ್ಲ. ಜಾಸ್ತಿ ಬೈದ್ಬಿಟ್ಟೆ ಅನ್ಸುತ್ತೆ."

"ಹೂಂ," ಅಂದಳು ನ್ಯಾನ್. ಎರಡು ಕಟ್ಟಿನಷ್ಟು ಕಿತ್ತಳು. ಸೆನ್ ಸ್ವಲ್ಪ ಹೊತ್ತು ನಿಂತೇ ಇದ್ದಳು. ತೋಡಿನ ವಿಷಯ ಹೇಳುವುದಕ್ಕೆ ಅಷ್ಟು ಹೊತ್ತು ಧಾರಾಳವಾಗಿ ಸಾಕಿತ್ತು. ನ್ಯಾನ್ ಬೇರಿನ ಮಣ್ಣು ಕೊಡವಿ, ತಲೆಯೆತ್ತದೆ ಸೊಪ್ಪನ್ನು ಬೇಲಿಯಾಚೆ ನೀಡಿದಳು.

ಮರುದಿನದ ದೋಣಿಗೆ ಲುವಾ ತವರಿಗೆ ಹೋದಳು. ವಾರ ಕಳೆಯುವುದರೊಳಗೆ ಗಂಡನೂ ಹಿಂದೆಯೇ ಹೋದ. ಇಬ್ಬರೂ ತಿರುಗಿ ಬರಲಿಲ್ಲ. ಬಯಲಿನಲ್ಲಿ ಹುಳು ಮತ್ತೆ ನೆಲೆಯೂರಲಿಲ್ಲ.

ನ್ಯಾನ್‌ಳದೂ ಸೇರಿ ಹನ್ನೊಂದು ಮಂದಿ ಹೆಂಗಸರ ಕೆಲಸ ಹೋಯಿತು. ಸೆನ್‌ಳ ಮನೆಯಿಂದ ಇಬ್ಬರು ಹೋದರು.