ಹನ್ನೊಂದನೇ ತಿದ್ದುಪಡಿ

ಪಾತ್ರೆ ತೊಳೆಯುವ ಅಕ್ಕ ಒಂದೊಂದೇ ಕಪ್ಪು ಕೊಟ್ಟಳು, ನಾನು ಒರೆಸಿ ಬೋರಲು ಹಾಕಿದೆ. ಗೋಡೆಯ ಸ್ಪೀಕರಿನಲ್ಲಿ ಸದನದ ಮಾತು ಬರುತ್ತಿತ್ತು. ಅವತ್ತು ನಾನು ಅದರ ಒಂದಕ್ಷರವನ್ನೂ ಬಿಡುವ ಹಾಗಿರಲಿಲ್ಲ. ಅಕ್ಕನಿಗೆ ಅದು ಗೊತ್ತಿತ್ತು.

ಸಂಸತ್ತಿನ ಕ್ಯಾಂಟೀನಿನಲ್ಲಿ ನಾನು ಟೀ ಕೊಡುವವಳು. ಶಾಲೆ ಬಿಟ್ಟಿದ್ದು ಏಳನೇ ಕ್ಲಾಸಿಗೆ. ಕಾನೂನು ಹೇಗೆ ಹುಟ್ಟುತ್ತದೆ ಅಂತ ಕಲಿತದ್ದು ಆ ಸ್ಪೀಕರಿನಿಂದ. ಮೂರು ದಿನದಿಂದ ಒಂದೇ ಮಸೂದೆ: ದೇಶಕ್ಕೆಲ್ಲ ಒಂದು ಗುಪ್ತಚರ ಸಂಸ್ಥೆ ಬೇಕು ಅಂತ. "ಮನೆ ಅಂದಮೇಲೆ ಬಾಗಿಲು ಬೇಡವೇ?" ಅಂತ ಮಂತ್ರಿ ಕೇಳಿದರು. "ಬೇಕು ಸ್ವಾಮಿ, ಆದರೆ ಚಿಲಕ ಹೊರಗಡೆ ಯಾಕಿಟ್ಟಿದ್ದೀರಿ?" ಅಂತ ವಿರೋಧ ಪಕ್ಷದ ಸದಸ್ಯರಾದ ವಕೀಲರು ತಿರುಗಿ ಕೇಳಿದಾಗ ಮೇಜು ಕುಟ್ಟಿದ ಸದ್ದಿಗೆ ನಮ್ಮ ಸ್ಪೀಕರೇ ಗರಗರ ಅಂದಿತು. ಹತ್ತು ನಿಮಿಷಕ್ಕೆ ಇಬ್ಬರೂ ಬಂದು ಒಂದೇ ತಟ್ಟೆಯ ಬಿಸ್ಕತ್ತು ತಿಂದರು. "ಒಳಗೆ ಹಾವು ಮುಂಗುಸಿ, ಹೊರಗೆ ಭಾವ ಭಾವಮೈದ," ಅಂದಳು ಅಕ್ಕ.

ನಮ್ಮಣ್ಣ ಲಿಫ್ಟ್ ರಿಪೇರಿ ಮಾಡುವವನು. ಏಳು ತಿಂಗಳ ಹಿಂದೆ ಅವನು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ಮೂವರು ಬಂದರು. ಯಾರೂ ಯೂನಿಫಾರ್ಮಿನಲ್ಲಿರಲಿಲ್ಲ. ಹತ್ತು ನಿಮಿಷದ ಮಾತಿದೆ ಅಂತ ವ್ಯಾನಿಗೆ ಹತ್ತಿಸಿಕೊಂಡು ಹೋದರು. ಲಿಫ್ಟು ಮೂರನೇ ಮಹಡಿಗೂ ನಾಲ್ಕನೆಯದಕ್ಕೂ ನಡುವೆ ನಿಂತಿತ್ತು. ಮರುದಿನ ಬಂದ ಇನ್ನೊಬ್ಬ ಮೆಕ್ಯಾನಿಕ್ ಅಣ್ಣನಿಗೆ ಬೈದುಕೊಂಡೇ ಅದನ್ನು ಇಳಿಸಿದನಂತೆ. ಪೊಲೀಸರು "ನಮ್ಮವರಲ್ಲ" ಅಂದರು. ಅವರು ತೋರಿಸಿದ ಆಫೀಸಿನವರು "ನಮ್ಮವರೂ ಅಲ್ಲ" ಅಂದರು. ಅಮ್ಮ ಅಕ್ಕಪಕ್ಕದವರಿಗೆ, ಮಗ ಬೇರೆ ಊರಿನಲ್ಲಿ ಕೆಲಸಕ್ಕಿದ್ದಾನೆ ಅಂತ ಹೇಳುತ್ತಾಳೆ. ಯಾವ ಊರು ಅಂತ ಕೇಳಿದವರಿಗೆ ಪ್ರತಿ ಸಲ ಬೇರೆ ಊರು.

ನನಗೆ ಬಾಯಿಲ್ಲ. ಮಸೂದೆ ಬರುತ್ತದೆ ಅಂತ ಕೇಳಿದಾಗಲೇ ಅಣ್ಣನ ಹೆಸರು, ತಾರೀಖು ಬರೆದ ಚೀಟಿಯನ್ನು ವಕೀಲರ ಕಪ್ಪಿನ ಕೆಳಗಿಟ್ಟಿದ್ದೆ.

"ಯಾರಮ್ಮ ಇವನು?"

"ಅಣ್ಣ."

ಅಷ್ಟೇ ಹೇಳಿದ್ದು. ವಾರ ಕಳೆದ ಮೇಲೆ ಅವರೇ ಕರೆದು ಓದಿ ಹೇಳಿದರು. ಸಂಸ್ಥೆ ಯಾರನ್ನೇ ಹಿಡಿದಿಟ್ಟುಕೊಂಡರೂ, ಈಗಿರುವ ಇಲಾಖೆಗಳು ಮೊದಲೇ ಹಿಡಿದಿಟ್ಟವರನ್ನೂ ಸೇರಿಸಿ, ಎಲ್ಲಿದ್ದಾರೆ ಅಂತ ಎರಡು ದಿನದಲ್ಲಿ ಮನೆಯವರಿಗೆ ಬರೆದು ತಿಳಿಸಬೇಕು. ಅದು ಹನ್ನೊಂದನೇ ತಿದ್ದುಪಡಿ. "ನಿಮ್ಮಣ್ಣನಿಗೋಸ್ಕರಾನೇ ಬರೆದದ್ದು ಅಂತ ಅಮ್ಮನಿಗೆ ಹೇಳು." ಆಳುವ ಪಕ್ಷದಲ್ಲೇ ಆರೇಳು ಜನ ಇದಕ್ಕೆ ಕೈ ಎತ್ತುತ್ತೇವೆ ಅಂದಿದ್ದರು. ಅವತ್ತು ಅಮ್ಮ ಎರಡನೇ ಸಲ ಅನ್ನ ಬಡಿಸಿಕೊಂಡಳು.

ತಿದ್ದುಪಡಿಗಳ ಓಟಿನ ದಿನ ಬೆಳಿಗ್ಗೆ ಕ್ಯಾಂಟೀನಿನಲ್ಲಿ ವಕೀಲರ ಎದುರು ಆಳುವ ಪಕ್ಷದ ಸಚೇತಕರು ಕೂತಿದ್ದರು. ಓಟಿನ ಹೊತ್ತಿಗೆ ತಮ್ಮ ಪಕ್ಷದವರನ್ನೆಲ್ಲ ಹುಡುಕಿ ಒಳಗಟ್ಟುವುದು ಅವರ ಕೆಲಸ. ನಾವು ಅವರನ್ನು ದನಗಾಹಿ ಅನ್ನುತ್ತೇವೆ. ಗೋಡೆಗೆ ಕಿವಿ ಇದೆ ಅಂತ ಹೆದರುವವರು ಟೀ ತರುವವಳಿಗೆ ಹೆದರುವುದಿಲ್ಲ.

"ಸಂಸ್ಥೆ ಮೇಲೆ ಕಣ್ಣಿಡೋಕೆ ಸಮಿತಿ ಆಗುತ್ತೆ. ಅಧ್ಯಕ್ಷರು ನಿಮ್ಮ ಕಡೆಯವರಾದ್ರೆ ಒಳ್ಳೇದಲ್ವಾ?"

"ಅದಕ್ಕೆ ನಾನು ಹನ್ನೊಂದು ವಾಪಸ್ ತಗೊಂಡ್ರೆ ಜನರಿಗೆ ಮುಖ ಹೇಗ್ರೀ ತೋರಿಸ್ಲಿ?"

"ವಾಪಸ್ ಯಾಕೆ ತಗೋತೀರಿ? ಇಷ್ಟು ವರ್ಷದಿಂದ ಸದನದಲ್ಲಿದ್ದೀರಿ, ನಾನು ಹೇಳಿಕೊಡ್ಬೇಕಾ?"

ಇಬ್ಬರೂ ನಕ್ಕರು. ವಾಪಸ್ ತಗೊಳ್ಳಲ್ಲ ಅನ್ನುವುದಷ್ಟೇ ನನ್ನ ಕಿವಿಗೆ ಬಿತ್ತು. ಖುಷಿಯಾಗಿ ಇನ್ನೆರಡು ಬಿಸ್ಕತ್ತು ಇಟ್ಟು ಬಂದೆ.

ಸದನದಲ್ಲಿ ಒಂದು ಪದ್ಧತಿಯಿದೆ. ನಂಬರು ಕೂಗಿದಾಗ ತಿದ್ದುಪಡಿ ಕೊಟ್ಟವರು ತಮ್ಮ ಜಾಗದಲ್ಲಿ ಎದ್ದು "ಮಂಡಿಸುತ್ತೇನೆ" ಅನ್ನಬೇಕು. ಇಲ್ಲದಿದ್ದರೆ ಅದು ಬಿದ್ದುಹೋಯಿತು. ಅವರ ಬದಲು ಇನ್ನೊಬ್ಬರು ಏಳುವ ಹಾಗಿಲ್ಲ. ಹೋದ ವರ್ಷ ಒಬ್ಬರ ತಿದ್ದುಪಡಿ ಅವರು ಶೌಚಾಲಯದಲ್ಲಿದ್ದಾಗ ಬಿದ್ದುಹೋಗಿ, ಕ್ಯಾಂಟೀನು ವಾರವಿಡೀ ನಕ್ಕಿತ್ತು.

ಮಧ್ಯಾಹ್ನ ಮೂರಕ್ಕೆ ಸ್ಪೀಕರಿನಲ್ಲಿ ಒಂಬತ್ತನೇ ನಂಬರು ಬಂತು. ಆಗಲೇ ವಕೀಲರು ಒಳಗೆ ಬಂದು ಮೂಲೆಯ ಮೇಜಿನಲ್ಲಿ ಪೇಪರು ಬಿಡಿಸಿದರು.

"ಒಂದು ಟೀ ಕೊಡಮ್ಮ."

ಬೇಗ ಕುಡಿದು ಹೋಗಲಿ ಅಂತ ಅರ್ಧ ಕಪ್ಪು, ಉಗುರು ಬೆಚ್ಚಗೆ ಕೊಟ್ಟೆ.

ಒಂದು ಗುಟುಕು ಕುಡಿದು ಕಪ್ಪು ನನ್ನ ಕಡೆ ತಳ್ಳಿದರು. "ತಣ್ಣಗಿದೆಯಲ್ಲಮ್ಮ. ಚೆನ್ನಾಗಿ ಕುದಿಸಿ ತಾ. ನಿಧಾನವಾಗೇ ತಾ."

ಆಗ ತಿಳಿಯಿತು. ಒಲೆಯ ಮುಂದೆ ಹೋಗಿ ನಿಂತೆ, ಹಚ್ಚಲಿಲ್ಲ. ಅಲ್ಲಿಂದ ಸದನದ ಬಾಗಿಲಿಗೆ ನಲವತ್ತು ಹೆಜ್ಜೆ. ಟ್ರೇ ಹಿಡಿದು ಎಷ್ಟೋ ಸಲ ನಡೆದಿದ್ದೇನೆ.

"ತಿದ್ದುಪಡಿ ಹತ್ತು," ಅಂದಿತು ಸ್ಪೀಕರು.

ಅಕ್ಕ ಒದ್ದೆ ಕೈಯಲ್ಲೇ ಹೊರಗೆ ಬಂದಳು. "ಸಾರ್, ಮುಂದಿನದು ನಿಮ್ಮದೇ."

"ಕೂಗಿದಾಗ ಹೋದ್ರಾಯ್ತು ಬಿಡಮ್ಮ."

"ಮೂರು ದಿನ ಮೈಕು ಬಿಡದೆ ಮಾತಾಡಿದ್ರಿ. ಇವತ್ತು ಎದ್ದು ಒಂದು ಮಾತು ಹೇಳೋಕೆ ಮಂಡಿ ನೋವಾ?"

ಕ್ಯಾಂಟೀನ್ ಯಜಮಾನರು ಕೌಂಟರಿನಿಂದಲೇ ಗದರಿದರು: "ಏಯ್, ನಿನ್ನ ಕೆಲಸ ನೋಡ್ಕೋ."

"ತಿದ್ದುಪಡಿ ಹನ್ನೊಂದು."

ವಕೀಲರು ಪುಟ ತಿರುಗಿಸಿದರು. ಸ್ಪೀಕರು ಅವರ ಹೆಸರು ಕೂಗಿತು. ಯಾರೋ ಗಂಟಲು ಸರಿ ಮಾಡಿಕೊಂಡದ್ದೂ ಕೇಳಿಸಿತು. ಎರಡನೇ ಸಲ ಹೆಸರು ಕೂಗಿತು.

"ಸದಸ್ಯರು ಜಾಗದಲ್ಲಿಲ್ಲ. ಮಂಡಿಸಿಲ್ಲ. ತಿದ್ದುಪಡಿ ಹನ್ನೆರಡು."

ಯಾರೂ ಬೇಡ ಅನ್ನಲಿಲ್ಲ, ಯಾರೂ ಕೈ ಎತ್ತಲಿಲ್ಲ. ನಾಳೆಯ ಪೇಪರಿನಲ್ಲಿ ಇಷ್ಟೂ ಬರುವುದಿಲ್ಲ.

ದನಗಾಹಿ ಬಾಗಿಲಲ್ಲಿ ಇಣುಕಿದರು. ವಕೀಲರು ಪೇಪರು ಮಡಚಿ ಎದ್ದು ನನ್ನನ್ನು ನೋಡಿದರು. "ಛೆ, ನೋಡಮ್ಮ, ಮಾತಲ್ಲಿ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಇರಲಿ, ಸಮಿತಿ ಅಂತ ಒಂದಾಗಲಿ, ನಾನೇ ವಿಚಾರಿಸ್ತೀನಿ."

ಅವರ ದಾರಿಗೆ ಅಡ್ಡ ನಿಂತೆ. ಹಾಗೆ ಯಾರಿಗೂ ಅಡ್ಡ ನಿಂತವಳಲ್ಲ.

"ಸಾರ್, ನಮ್ಮನೆ ಇಲ್ಲಿಂದ ಎರಡು ಸ್ಟಾಪ್ ಅಷ್ಟೇ. ಅಮ್ಮ ಕಾಯ್ತಿರ್ತಾಳೆ. ಸಂಜೆ ನೀವೇ ಬಂದು ಅವಳಿಗೆ ಹೇಳಿ."