ಓದದೆ ಬಿಟ್ಟ ಸಾಲು

ಪಾರ್ವತೆಮ್ಮ ಬೋರಿನ ಸಾಹೇಬನ ಮುಂದೆ ಸೆರಗೊಡ್ಡಿ ನಿಂತುಬಿಟ್ಟಿದ್ದಳು. ಕೇರಿಯ ಅರ್ಧ ಜನ ಅವಳ ಹಿಂದೆ. ಎಪ್ಪತ್ನಾಲ್ಕರ ಮೇ ಬಿಸಿಲು. ನೂರಮೂವತ್ತು ಅಡಿ ಕೊರೆದರೂ ಬಂದದ್ದು ಬರೀ ಬೂದಿಯಂಥ ಕಲ್ಲುಪುಡಿ.

"ಯಪ್ಪಾ, ಬಾಂಬ್ ಹಾರಿಸಿದವರು ನಾವಲ್ಲ. ಡಿಲ್ಲ್ಯಾಗ ಯಾರೋ ಮಾಡ್ಯಾರ. ಸಿಟ್ಟಾಗಿ ಮಿಷನ್ನು ಒಯ್ಯಬ್ಯಾಡ್ರಿ."

ಕೆನಡಾದಿಂದ ಬಂದಿದ್ದ ಆ ಕೆಂಚುಗೂದಲಿನ ಯುವಕ ಹಂಪಯ್ಯನತ್ತ ನೋಡಿದ. ಮಸರಕಲ್ ದಾರಿಯ ಆ ಸಣ್ಣ ಊರಿನ ಕೇರಿಯಲ್ಲಿ ಮೆಟ್ರಿಕ್ ಪಾಸಾದವನು ಹಂಪಯ್ಯನೊಬ್ಬನೇ. ಸಾಹೇಬನ ಮಾತನ್ನು ಕನ್ನಡ ಮಾಡುವವನೂ ಅವನೇ, ದೇವದುರ್ಗದ ಬಸ್ಸಿಗೆ ಬರುವ ಪೇಪರನ್ನು ಸಂಜೆ ಬೇವಿನ ಕಟ್ಟೆಯ ಮೇಲೆ ಓದಿ ಹೇಳುವವನೂ ಅವನೇ.

ನಿನ್ನೆ ಸಂಜೆಯೂ ಓದಿದ್ದ. ನಮ್ಮವರು ರಾಜಸ್ಥಾನದ ಮರಳಿನಡಿ ಅಣುಬಾಂಬು ಸಿಡಿಸಿದ್ದಕ್ಕೆ ಗೆಳೆಯ ದೇಶಗಳು ಮದುವೆಮನೆಯ ಬೀಗರಂತೆ ಒಂದೊಂದೂ ಒಂದೊಂದು ಥರ ಮುಖ ಮಾಡಿದ್ದವು. ಜಪಾನ್ ನೊಂದುಕೊಂಡಿತ್ತು. "ಕೆನಡಾ ನೆರವು ನಿಲ್ಲಿಸೈತಿ!" ಎಂದು ದನಿ ಏರಿಸಿದಾಗ ಕಟ್ಟೆಗೆ ಕಟ್ಟೆಯೇ ಉಸಿರು ಬಿಗಿಹಿಡಿದಿತ್ತು. ನಿಂತದ್ದು ಅಣುಶಕ್ತಿಯ ನೆರವು ಮಾತ್ರ, ಅನ್ನ, ಬೇಸಾಯದ್ದಲ್ಲ ಎಂದು ಕೆಳಗಿನ ಸಾಲಿನಲ್ಲಿತ್ತು. ಆ ಮೌನದ ರುಚಿಗೆ ಸೋತು ಅದನ್ನು ಓದದೆ ಪೇಪರು ಮಡಚಿದ್ದ.

"ಹೇಳಲೇ ಹಂಪಯ್ಯಾ, ಬಾಯಾಗ ಕಡುಬು ಇಟ್ಕೊಂಡಿಯೇನು?" ಎಂದ ಮುದುಕ ಮೌನಪ್ಪ. "ಅವರೂ ತೆಗ್ಗು ತೋಡ್ಯಾರ, ನಾವೂ ತೋಡಾಕತ್ತೀವಿ. ಅವರಿಗೆ ಬೆಂಕಿ ಬಿತ್ತು, ನಮಗ ಹನಿ ನೀರಿಲ್ಲ ಅಂತ ಹೇಳು."

ಹಂಪಯ್ಯನ ಕಿವಿ ಬಿಸಿಯಾದವು. ಇವರ ಮಾತು ಹಾಗೇ ದಾಟಿಸಿ, ಓದದೆ ಬಿಟ್ಟ ಸಾಲು ಸಾಹೇಬನ ಬಾಯಿಂದಲೇ ಬಯಲಾದರೆ ನಾಳೆ ಕಟ್ಟೆಗೆ ಯಾರು ಬರುತ್ತಾರೆ? ಈಯಮ್ಮ ನಿಮ್ಮನ್ನು ಊಟಕ್ಕೆ ಕರೆಯುತ್ತಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಅಂದುಬಿಟ್ಟ.

ಸಾಹೇಬನ ಮುಖ ಅರಳಿತು. ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತ ಹೊರಟೇಬಿಟ್ಟ.

"ಏನಂದ್ರೋ?"

"ಮಿಷನ್ ಒಯ್ಯಂಗಿಲ್ಲಂತ, ಯವ್ವಾ. ನಿನ್ನ ಮನ್ಯಾಗ ಉಣ್ತಾರಂತ."

"ನನ್ನ ಮನ್ಯಾಗ?" ಪಾರ್ವತೆಮ್ಮ ಕಣ್ಣೊರೆಸಿಕೊಂಡಳು. "ನಮ್ಮ ಕೈಯಾಗಿನ ನೀರು ಊರಾಗ ಯಾರೂ ಮುಟ್ಟಂಗಿಲ್ಲಂತ ಹೇಳಿದಿಲ್ಲೋ?"

ಅವಳ ಮನೆಯಲ್ಲಿದ್ದದ್ದು ಒಂದೇ ಕೊಡ ನೀರು. ಊರ ಬಾವಿಯಿಂದ ಮಾರು ದೂರ ನಿಂತು, ಬೆಳಗಿನಿಂದ ಬೇಡಿ, ಯಾರೋ ಮೇಲಿನಿಂದ ಸುರಿದು ತುಂಬಿಸಿದ್ದು. ಅದನ್ನು ಅಂಗಳಕ್ಕೆ ತಂದು ಸಾಹೇಬನ ಕೈಗೆ, ಕಾಲಿಗೆ ಹನಿಸಿದಳು. ಬೆರಳಿನ ಗ್ರೀಸು ಹೋಗಲಿಲ್ಲ. ಕೊಡ ಬಗ್ಗಿಸಿ ಧಾರಾಳವಾಗಿ ಸುರಿದಳು.

ಸಾಕು ಎನ್ನಲು ಹಂಪಯ್ಯ ಬಾಯಿ ತೆರೆಯುವಷ್ಟರಲ್ಲಿ ಕೊಡದ ತಳ ಮೇಲಾಗಿತ್ತು. ಅಂಗಳದ ಮಣ್ಣು ಒಂದು ಗಳಿಗೆ ಕಪ್ಪಾಗಿ, ಅವನು ನೋಡುತ್ತಿದ್ದಂತೆಯೇ ಅಂಚಿನಿಂದ ಬಿಳಿಚತೊಡಗಿತು.