ಸಣ್ಣ ಧಣಿಯ ಹಾಸಿಗೆ

"ಕೂರೋಕೆ ಬಂದೆಯೇನೋ ಬೋಳಿಮಗನೆ? ಏಳೋ ಮೇಲೆ!"

ಬಾಯ್ಲರ್‌ನವನು ಬೆಂಚಿನಿಂದ ಎದ್ದ. ಪ್ರೊಬೇಷನ್ ಆಫೀಸರು ಹತ್ತಿರ ಬಂದು ಅವನ ಬಾಯಿ ಮೂಸಿದ.

"ಕುಡಿದಿಲ್ಲ ತಾನೆ? ಕೆಲಸ?"

"ಹಳೇ ಕಡೆಯೇ ಸ್ವಾಮಿ. ಚರಂಡಿ ಬಳೀತೀನಿ."

"ಅದು ಬಿಟ್ಟ ದಿನ ಮತ್ತೆ ಒಳಗೆ ತಳ್ತೀನಿ, ಗೊತ್ತಲ್ಲ?"

ಗೊತ್ತಿತ್ತು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಒಬ್ಬ ಹೆಣ್ಣಾಳು ಬೆಂದು ಸತ್ತಿದ್ದಳು. ಉಗಿ ಬಿಡುವ ವಾಲ್ವನ್ನು ಕಟ್ಟಿಹಾಕು ಎಂದವನು ಮಾಲೀಕನ ಮಗ ಸಣ್ಣ ಧಣಿ, ಕಟ್ಟಿದವನು ಇವನು. ಇಬ್ಬರಿಗೂ ಜೈಲಾಯಿತು. ಅವಧಿ ಮುಗಿಯುವ ಮೊದಲೇ ಇಬ್ಬರನ್ನೂ ಒಂದೇ ತರದ ಷರತ್ತುಗಳ ಮೇಲೆ ಬಿಟ್ಟರು: ವಾರವಾರ ಬಂದು ರುಜು ಹಾಕಬೇಕು, ಊರು ಬಿಡಬಾರದು, ಕೆಲಸ ಬಿಡಬಾರದು. ಜೈಲಿಂದ ಬಂದ ಇವನನ್ನು ಯಾರೂ ಹತ್ತಿರ ಸೇರಿಸದಿದ್ದಾಗ ದೊಡ್ಡ ಧಣಿಯೇ 'ಪಾಪ' ಎಂದು ಅರ್ಧ ಕೂಲಿಗೆ ಇಟ್ಟುಕೊಂಡಿದ್ದ.

ಸಣ್ಣ ಧಣಿ ಈ ಆಫೀಸಿನ ಮೆಟ್ಟಿಲು ಹತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಅವನ ರುಜುವಿಗೆ ಆಫೀಸರೇ ಧಣಿಗಳ ಬಂಗಲೆಗೆ ಹೋಗುತ್ತಿದ್ದ.

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಬಂಗಲೆಯಲ್ಲಿ ಅಡುಗೆ ಮಾಡುವ ತನ್ನ ಹೆಂಡತಿ ಮನೆಗೆ ಬಂದು ಆಡುವ ಮಾತು ಹೊಟ್ಟೆ ಉರಿಸುತ್ತಿತ್ತು.

"ಸಣ್ಣ ಧಣಿ ಎಷ್ಟು ಇಳಿದುಹೋಗಿದಾರೆ ಗೊತ್ತಾ? ಜೈಲಿನ ಊಟಕ್ಕೆ ಹೊಟ್ಟೆ ಕೆಟ್ಟಿದೆಯಂತೆ. ಅವರಿಗೆ ಅಂತ ಖಾರ ಕಮ್ಮಿ ಮಾಡಿ ಬೇರೆ ಅಡುಗೆ ಮಾಡ್ತಿದೀನಿ."

"ನಾನೇನು ಅಲ್ಲಿ ಹಾಲುತುಪ್ಪ ತಿಂದ್ನಾ?"

"ನಿಂದು ಕಲ್ಲು ಅರಗಿಸೋ ಹೊಟ್ಟೆ" ಎಂದು ನಕ್ಕಳು.

ಅವನು ಅರ್ಧಕ್ಕೇ ಕೈ ತೊಳೆದು ಎದ್ದ.

ಒಂದು ಬೆಳಿಗ್ಗೆ ಚರಂಡಿಯ ನೀಲಿ ರೊಚ್ಚಿನಲ್ಲಿ ಇಳಿದಿದ್ದಾಗ ದೊಡ್ಡ ಧಣಿ ಏದುಸಿರು ಬಿಡುತ್ತ ಬಂದ.

"ಲೇ, ಬೇಗ ಹತ್ತೋ. ನನ್ನ ಮಗ ಗೆಳೆಯರ ಜೊತೆ ಸಮುದ್ರ ನೋಡೋಕೆ ಹೋಗಿದಾನೆ. ತಪಾಸಣೆಗೆ ಮೇಲಿನ ಸಾಹೇಬರೇ ಬರ್ತಿದಾರಂತೆ. ನೀನು ಅವನ ಹಾಸಿಗೇಲಿ ಮುಸುಕು ಹೊದ್ದು ಬಿದ್ಕೊ. ಜ್ವರ ಅಂತೀನಿ."

"ಸಿಕ್ಕಿಬಿದ್ರೆ ನಾನು ಒಳಗೆ ಹೋಗ್ತೀನಿ ಧಣಿ."

"ಕೆಲಸದಿಂದ ಓಡಿಸಿದ್ರೂ ಹೋಗ್ತೀಯ. ಯಾವುದಾಗ್ಲಿ ಹೇಳು?"

ಹಾಸಿಗೆ ಅವನನ್ನು ಮೆತ್ತಗೆ ಒಳಗೆ ಎಳೆದುಕೊಂಡಿತು. ಹೆಂಡತಿಯೇ ಬಂದು ಹೊದಿಸಿದಳು. ಅಂಚನ್ನು ಮಡಿಸಿ ಪಾದದ ಕೆಳಗೆ ಸಿಕ್ಕಿಸಿದಳು. ಪಳಗಿದ ಕೈ.

"ಅವನಿಗೆ ದಿನಾ ಹೀಗೇ ಹೊದಿಸ್ತೀಯಾ?"

"ನಿನ್ನ ದಮ್ಮಯ್ಯ, ಬಾಯಿ ಮುಚ್ಕೊಂಡು ಮಲಗು."

ಬೂಟುಗಳು ಬಾಗಿಲಿಗೆ ಬಂದು ನಿಂತವು.

"ಸಾರ್, ಏಳ್ಬೇಡಿ, ಏಳ್ಬೇಡಿ. ಈಗ ಹೇಗಿದೀರಾ?" ಆಫೀಸರದೇ ದನಿ. ಆದರೆ ಬೆಣ್ಣೆ ಸವರಿದಂತಿತ್ತು. ಮುಸುಕಿನೊಳಗೆ ಬಾಯ್ಲರ್‌ನವನು ಹೊದಿಕೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದ.

"ಇವರ ನಡತೆ ಹೇಗಿದೆ?" ಸಾಹೇಬ ಕೇಳಿದ.

"ಚಿನ್ನದಂಥ ಮನುಷ್ಯ ಸಾರ್. ವಾರವಾರ ತಪ್ಪದೆ ಬರ್ತಾರೆ. ಆ ಬಾಯ್ಲರ್‌ನವನು ಇದಾನಲ್ಲ, ಅವನ ದೆಸೆಯಿಂದ ಕೆಟ್ಟರು, ಪಾಪ."

ಮುಸುಕು ಹಾರಿ ನೆಲಕ್ಕೆ ಬಿತ್ತು.

"ಆ ಬಾಯ್ಲರ್‌ನವನು ನಾನೇ ಸ್ವಾಮಿ. ನಿಮ್ಮ ಚಿನ್ನ ಊರು ಬಿಟ್ಟು ಸಮುದ್ರದಲ್ಲಿ ಈಜ್ತಾ ಇದೆ."

ಸಾಹೇಬ ಆಫೀಸರನ ಕಡೆ ತಿರುಗಿದ. ದೊಡ್ಡ ಧಣಿ ಗೋಡೆ ಹಿಡಿದುಕೊಂಡ.

"ಇಳಿಯೋ ಕೆಳಗೆ ಸೂಳೆಮಗನೆ!" ಆಫೀಸರು ಕಿರುಚಿದ.

"ಅವನನ್ನ ಕರ್ಕೊಂಡು ಬನ್ನಿ. ಅಲ್ಲೀತನಕ ಇಳಿಯಲ್ಲ."

"ನಿನಗೂ ಜೈಲೇ ಅಲ್ವಾ, ಹಾಳಾದೋನೆ!" ಹೆಂಡತಿ ಬಾಗಿಲಲ್ಲೇ ಕುಸಿದಳು.

"ಹೌದು. ಈ ಸಲ ಇಬ್ಬರೂ ಸರಿಸಮನಾಗಿ ಹೋಗ್ತೀವಿ."

ಬಂಗಲೆಯ ಕಾವಲಿನವರಿಬ್ಬರು ಓಡಿಬಂದು ಅವನ ಕಾಲು ಹಿಡಿದು ಎಳೆದರು. ಅವನು ಹಾಸಿಗೆಯನ್ನು ಎರಡೂ ತೋಳುಗಳಿಂದ ತಬ್ಬಿದ್ದ. ಅವನ ಜೊತೆ ಅದೂ ನೆಲಕ್ಕೆ ಬಂತು.